ಅಮ್ಮನ ವೀಣೆ, ಕಂಪ್ಯೂಟರಿನ ಫ್ಯಾನು

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಬೆಳಿಗ್ಗೆ. ಅಮ್ಮ ವೀಣೆ ಪಾಠ ಹೇಳಿಕೊಡುತ್ತಿದ್ದಳು. ಶಿಷ್ಯೆ ಇರುವುದು ಅಮೆರಿಕದಲ್ಲಿ. ಹದಿಮೂರು ವರ್ಷ, ಚುರುಕು ಹುಡುಗಿ. ಜಂಟಿ ವರಸೆ ನುಡಿಸಿ ಮುಗಿಸಿದವಳು ಹಿಂಜರಿಯುತ್ತಲೇ ಕೇಳಿದಳು: "ಟೀಚರ್, ನಿಮ್ಮ ಶ್ರುತಿಪೆಟ್ಟಿಗೆ ಒಂಚೂರು ಇಳಿದಿದೆ ಅಲ್ವಾ? ವೀಣೆಗೆ ಸೇರ್ತಿಲ್ಲ."

ಅವತ್ತು ಅಮ್ಮ ಶ್ರುತಿಪೆಟ್ಟಿಗೆ ಹಾಕಿರಲೇ ಇಲ್ಲ.

ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅಮ್ಮ ತಂತಿಗಳ ಮೇಲೆ ಅಂಗೈ ಇಟ್ಟು ನಾದ ನಿಲ್ಲಿಸಿದಳು. ಒಂದು ಕ್ಷಣ ಸುಮ್ಮನೆ ಕೂತಳು. ಆಮೇಲೆ ಮೇಜಿನ ಕೆಳಗಿದ್ದ ಕಂಪ್ಯೂಟರ್ ಕ್ಯಾಬಿನೆಟ್ಟಿನ ಕಡೆ ತಿರುಗಿ, "ಇದೇ ಕಣೇ. ಇದು ಹಾಡ್ತಿದೆ," ಅಂದಳು.

ಬಗ್ಗಿ ಕಿವಿಗೊಟ್ಟೆ. ಹೌದು, ಸಣ್ಣಗೆ ಹೂಂ ಅನ್ನುವ ಸದ್ದು. ಪಠ್ಯಪುಸ್ತಕಗಳ ಪುಟ ವಿನ್ಯಾಸ ನನ್ನ ಕೆಲಸ. ದಿನಕ್ಕೆ ಎಂಟು ಗಂಟೆ ಅದೇ ಕಂಪ್ಯೂಟರಿನ ಮುಂದೆ ಇರುತ್ತೇನೆ. ನನ್ನ ಕಿವಿ ಆ ಸದ್ದನ್ನು ಎಂದೋ ಮರೆತುಬಿಟ್ಟಿತ್ತು. ಸಮುದ್ರದ ಆಚೆ ಹೆಡ್‌ಫೋನ್ ಹಾಕಿಕೊಂಡು ಕೂತ ಮಗುವಿಗೆ ಅದು ತಪ್ಪು ಶ್ರುತಿಯಾಗಿ ಕೇಳಿಸಿತ್ತು. ಕಂಪ್ಯೂಟರಿನ ಪ್ರೊಸೆಸರನ್ನು, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್ಪನ್ನು ತಣ್ಣಗಿಡುವ ಸದ್ದಿಲ್ಲದ ಕೂಲರ್ ಹುಡುಕಿ, ಹಾಕಿ, ಪರೀಕ್ಷೆ ಮಾಡುವುದರಲ್ಲಿ ಮುಂದಿನ ಐದು ತಿಂಗಳು ಕಳೆದವು. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸಂಗೀತ ಹೇಳಿಕೊಡುವವರು, ಮನೆಯಲ್ಲೇ ಧ್ವನಿಮುದ್ರಣ ಮಾಡುವವರು ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. 2020ರ ಲಾಕ್‌ಡೌನ್‌ ತನಕ ಮಕ್ಕಳು ಮನೆಗೇ ಬಂದು ಕಲಿಯುತ್ತಿದ್ದರು. ಆಮೇಲೆ ಪಾಠ ಕಂಪ್ಯೂಟರಿಗೆ ಬಂತು, ಅಲ್ಲೇ ಉಳಿಯಿತು. ಈಗ ಅಮ್ಮನ ಅರ್ಧದಷ್ಟು ಶಿಷ್ಯರು ಊರಾಚೆಯವರು.

ಇದರಲ್ಲೊಂದು ತೊಡಕಿದೆ. ವಿಡಿಯೋ ಕರೆಯ ತಂತ್ರಾಂಶಗಳನ್ನು ಮಾಡಿರುವುದು ಮನುಷ್ಯರ ಮಾತಿಗಾಗಿ. ಮಾತು ಏಳುತ್ತದೆ, ಬೀಳುತ್ತದೆ, ನಡುನಡುವೆ ನಿಲ್ಲುತ್ತದೆ. ಒಂದೇ ಸಮ ಬರುವ ಸದ್ದು ಇದ್ದರೆ ಅದು ಫ್ಯಾನೋ ಏಸಿಯೋ ಇರಬೇಕು ಅಂತ ತಂತ್ರಾಂಶ ಅದನ್ನು ಅಳಿಸಿಬಿಡುತ್ತದೆ. ತಂತಿ ಮೀಟಿದ ಮೇಲೆ ಉಳಿಯುವ ನಾದವೂ ಒಂದೇ ಸಮ ಇರುತ್ತದಲ್ಲ? ಅದೂ ಅಳಿಸಿಹೋಗುತ್ತದೆ. ಮೀಟಿದ ಟಕ್ ಅನ್ನುವ ಸದ್ದು ಮಾತ್ರ ಆ ಕಡೆ ತಲುಪುತ್ತದೆ. ಹಾಗಾಗಿ ಸಂಗೀತದವರು ಈ ಸದ್ದು ಅಳಿಸುವ ಸೌಲಭ್ಯವನ್ನು ಆಫ್ ಮಾಡಿ ಇಡಬೇಕು. ಆಫ್ ಮಾಡಿದರೆ ವೀಣೆಯ ನಾದ ಪೂರ್ತಿ ಆ ಕಡೆ ತಲುಪುತ್ತದೆ. ಅದರ ಜೊತೆಗೆ ಕೋಣೆಯಲ್ಲಿ ಇರುವ ಸದ್ದೆಲ್ಲವೂ ತಲುಪುತ್ತದೆ.

ವೀಣೆ ಜೋರು ವಾದ್ಯ ಅಲ್ಲ. ಮೀಟಿದ ಮರುಕ್ಷಣದಿಂದಲೇ ನಾದ ಇಳಿಯತೊಡಗುತ್ತದೆ. ಒಂದೇ ಮೀಟಿನಲ್ಲಿ ತಂತಿ ಎಳೆದು ಮೂರು ನಾಲ್ಕು ಸ್ವರ ತೆಗೆಯುವಾಗ ಕೊನೆಯ ಸ್ವರ ನೂಲಿನ ಎಳೆಯಷ್ಟೇ ಉಳಿದಿರುತ್ತದೆ. ಕಲಿಯುವ ಮಗು ಕೇಳಬೇಕಾದ್ದು ಆ ಎಳೆಯನ್ನೇ. ಅದರ ಮೇಲೆ ಫ್ಯಾನಿನ ಸದ್ದು ಕೂತರೆ ಪಾಠದ ಅರ್ಧ ಜೀವ ಹೋದ ಹಾಗೆ. ನನಗೆ ಇದು ತಲೆಗೆ ಹೋದದ್ದು ಅವತ್ತೇ.

ಅಮ್ಮನಿಗೆ ಸದ್ದಿಲ್ಲದ ಕೋಣೆ ಅಂದರೆ ಯಾದವಗಿರಿಯ ಆಕಾಶವಾಣಿ. ಎಂಬತ್ತರ ದಶಕದಲ್ಲಿ ಅಲ್ಲಿ ಹಲವು ಸಲ ನುಡಿಸಿದ್ದಾಳೆ. "ಸ್ಟುಡಿಯೋ ಬಾಗಿಲು ಮುಚ್ಚಿದ ಮೇಲೆ ನಮ್ಮ ಉಸಿರು ನಮಗೇ ಕೇಳಿಸ್ತಿತ್ತು. ರೇಷ್ಮೆ ಸೀರೆ ಸರಿದರೆ ಅದೂ ಕೇಳಿಸ್ತಿತ್ತು," ಅನ್ನುತ್ತಾಳೆ. ಮೈಸೂರಿನಲ್ಲಿ ಬಾನುಲಿ ಶುರುವಾದದ್ದೇ ಒಂದು ಮನೆಯಲ್ಲಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದರು. ಆಕಾಶವಾಣಿ ಅನ್ನುವ ಹೆಸರು ಬೆಳೆದದ್ದೂ ಅಲ್ಲಿಂದಲೇ. ಮೈಕಿನ ಹತ್ತಿರ ಕೂತು, ಕಣ್ಣಿಗೆ ಕಾಣದವರಿಗೆ ನಾದ ತಲುಪಿಸುವ ಕೆಲಸ ಈ ಊರಿಗೆ ಹೊಸದಲ್ಲ. ಅಮ್ಮ ಈಗ ಮಾಡುತ್ತಿರುವುದೂ ಅದನ್ನೇ ಅಂತ ನನಗೆ ಅನ್ನಿಸುತ್ತದೆ.

ಮೊದಲು ಫ್ಯಾನು ಯಾವ ಸ್ವರದಲ್ಲಿ ಹಾಡುತ್ತಿದೆ ಅಂತ ಲೆಕ್ಕ ಹಾಕಿದೆ. ಇದು ಕಷ್ಟದ ಲೆಕ್ಕ ಅಲ್ಲ. ಫ್ಯಾನಿನ ಒಂದೊಂದು ರೆಕ್ಕೆ ಹಾದುಹೋದಾಗಲೂ ಗಾಳಿಗೆ ಸಣ್ಣ ತಳ್ಳು ಸಿಗುತ್ತದೆ. ಸೆಕೆಂಡಿಗೆ ಎಷ್ಟು ತಳ್ಳು ಅನ್ನುವುದೇ ಆ ಸದ್ದಿನ ಸ್ಥಾಯಿ. ನಮ್ಮದು ಪ್ರೊಸೆಸರ್ ಜೊತೆ ಡಬ್ಬದಲ್ಲೇ ಬಂದಿದ್ದ ಚಿಕ್ಕ ಕೂಲರ್. ಟಾರ್ಚ್ ಬಿಟ್ಟು ಎಣಿಸಿದೆ, 7 ರೆಕ್ಕೆ. ನಿಮಿಷಕ್ಕೆ 1300 ಸುತ್ತು. ಏಳನ್ನು 1300ರಿಂದ ಗುಣಿಸಿ 60ರಿಂದ ಭಾಗಿಸಿದರೆ 152 ಹರ್ಟ್ಸ್‌ಗೆ ಒಂಚೂರು ಕಮ್ಮಿ. ಅಮ್ಮನ ವೀಣೆ ಎರಡೂವರೆ ಮನೆ ಶ್ರುತಿಯದು (ಮನೆ ಅಂದರೆ ಶ್ರುತಿಯ ಎತ್ತರ ಹೇಳುವ ಲೆಕ್ಕ). ಸಾರಣಿ, ಅಂದರೆ ಮುಖ್ಯವಾಗಿ ನುಡಿಸುವ ತಂತಿಯ ಷಡ್ಜ (ಸ) ಸುಮಾರು 155.6 ಹರ್ಟ್ಸ್.

ನಾಲ್ಕು ಹರ್ಟ್ಸ್ ವ್ಯತ್ಯಾಸ. ಎರಡು ಸದ್ದು ಇಷ್ಟು ಹತ್ತಿರ ಬಂದರೆ ಸೆಕೆಂಡಿಗೆ ನಾಲ್ಕು ಸಲ ಅಲೆ ಏಳುತ್ತದೆ. ತಂತಿ ಶ್ರುತಿ ಮಾಡುವವರಿಗೆ ಈ ಅಲೆ ಚೆನ್ನಾಗಿ ಗೊತ್ತು. ಬಿರಡೆ ತಿರುಗಿಸುತ್ತಾ ಹೋದಂತೆ ಅಲೆ ನಿಧಾನವಾಗಿ, ನಿಂತಾಗ ಶ್ರುತಿ ಸೇರಿತು ಅಂತ ಅರ್ಥ. ಇಲ್ಲಿ ಅದು ನಿಲ್ಲುತ್ತಲೇ ಇರಲಿಲ್ಲ. ಆ ಹುಡುಗಿಯ ಕಿವಿ ಸರಿಯಾಗಿತ್ತು. ಮುಂದಿನ ಪಾಠದಲ್ಲಿ ಅಮ್ಮ ಅವಳಿಗೆ ಅದನ್ನು ಹೇಳಿದಳು ಕೂಡ.

ಇನ್ನೂ ಒಂದು ತೊಂದರೆ ಇತ್ತು. ಪ್ರೊಸೆಸರ್ ಅನ್ನುವುದು ಕ್ಷಣಕ್ಷಣಕ್ಕೆ ಬಿಸಿಯೇರುವ ವಸ್ತು. ಸುಮ್ನೆ ಒಂದು ಬ್ರೌಸರ್ ತೆರೆದರೂ ಒಂದು ಸೆಕೆಂಡಿನಲ್ಲಿ ಹತ್ತು ಹದಿನೈದು ಡಿಗ್ರಿ ಹಾರುತ್ತದೆ, ಮತ್ತೆ ಇಳಿಯುತ್ತದೆ. ಫ್ಯಾನು ಪ್ರತಿ ಸಲವೂ ಅದರ ಹಿಂದೆ ಓಡುತ್ತದೆ. 1300ರಿಂದ 1800ಕ್ಕೆ ಏರಿ, ಮತ್ತೆ ಇಳಿಯುತ್ತದೆ. "ಜಾರು ಎಳೀತಿದೆ ನೋಡು," ಅಂದಳು ಅಮ್ಮ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕಕ್ಕೆ ಜಾರು ಅಂತಲೇ ಹೆಸರು. ಅದಕ್ಕಿಂತ ಸರಿಯಾದ ಮಾತು ನನಗೆ ಈವರೆಗೂ ಸಿಕ್ಕಿಲ್ಲ. ಒಂದೇ ಸಮ ಇರುವ ಸದ್ದನ್ನು ಕಿವಿ ಮರೆಯುತ್ತದೆ. ಏರಿಳಿಯುವ ಸದ್ದನ್ನು ಎಷ್ಟು ಸಣ್ಣದಿದ್ದರೂ ಮರೆಯುವುದಿಲ್ಲ. ಕೂಲರ್ ಡಬ್ಬದ ಮೇಲೆ ಬರೆದಿರುವ ಡೆಸಿಬೆಲ್ ಅಂಕಿಯಲ್ಲಿ ಈ ವಿಷಯ ಇರುವುದೇ ಇಲ್ಲ.

ಹಣ ಖರ್ಚು ಮಾಡುವ ಮೊದಲು ಖರ್ಚಿಲ್ಲದ್ದನ್ನು ಮಾಡಿ ನೋಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕೂಲರ್ ಬಿಚ್ಚಿದಾಗ ರೆಕ್ಕೆಯ ಕೆಳಗೆ ಬೂದು ಬಣ್ಣದ ದೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಹಳೆಯ ಪೇಂಟ್ ಬ್ರಷ್ಷಿನಲ್ಲಿ ಕೆರೆದು ತೆಗೆದೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು, ಅದನ್ನು ಒರೆಸಿ ಹೊಸದು ಹಚ್ಚಿದೆ. ಅಷ್ಟಕ್ಕೇ ಆರು ಡಿಗ್ರಿ ಇಳಿಯಿತು. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ಗೆ ಹೋಗಿ ಫ್ಯಾನು ಸಣ್ಣಪುಟ್ಟ ಏರಿಕೆಗೆಲ್ಲ ಓಡದ ಹಾಗೆ ಮಾಡಿದೆ. ಜಾರು ನಿಂತಿತು. ಮಾಮೂಲಿ ಕೆಲಸಕ್ಕೆ ಎಷ್ಟೋ ಜನರಿಗೆ ಇಷ್ಟೇ ಸಾಕು. ನಮಗೆ ಸಾಲಲಿಲ್ಲ. ನಿಧಾನ ತಿರುಗಿಸಿದರೆ ಪ್ರೊಸೆಸರ್ ಕಾಯುತ್ತಿತ್ತು, ಜೋರಾಗಿ ತಿರುಗಿಸಿದರೆ ಹಾಡುತ್ತಿತ್ತು. ಚಿಕ್ಕ ಕೂಲರಿನ ಮಿತಿ ಅದು.

ಯಾಕೆ ಅಂದರೆ, ನಮ್ಮದು ಆರು ಕೋರಿನ, 65 ವಾಟಿನ ಪ್ರೊಸೆಸರ್. ಹಳೆಯ 60 ವಾಟಿನ ಬಲ್ಬು ನೆನಪಿದೆಯಲ್ಲ, ಉರಿಯುವಾಗ ಮುಟ್ಟಲು ಆಗುತ್ತಿರಲಿಲ್ಲ. ಅಷ್ಟು ಶಾಖ ಉಗುರಿನಷ್ಟಗಲದ ಚಿಪ್ಪಿನಲ್ಲಿ ಹುಟ್ಟುತ್ತದೆ. ಅದನ್ನು ಅಲ್ಲಿಂದ ಎತ್ತಿ, ಅಗಲವಾಗಿ ಹರಡಿ, ಗಾಳಿಗೆ ಕೊಡಬೇಕು. ಹರಡುವ ಜಾಗ ಜಾಸ್ತಿ ಇದ್ದಷ್ಟೂ ಗಾಳಿ ಮೆಲ್ಲಗೆ ಬೀಸಿದರೆ ಸಾಕು. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದ ಹಾಗೆ ಅನ್ನಿಸುತ್ತದೆ. ದೊಡ್ಡ ಫ್ಯಾನು ನಿಧಾನ ತಿರುಗಬೇಕು, ಇಡೀ ಗುಟ್ಟು ಇಷ್ಟೇ.

ಹುಡುಕಿ ಹುಡುಕಿ ಕೊನೆಗೆ ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಚ್-ಯು12ಎಸ್ ಆರಿಸಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಗೆಳತಿಯೊಬ್ಬಳು ತಂದುಕೊಟ್ಟಳು. ಅಲ್ಯೂಮಿನಿಯಂ ಹಾಳೆಗಳ ಗೋಪುರ. ಎತ್ತರ 158 ಮಿಲಿಮೀಟರ್. ತರಿಸುವ ಮೊದಲು ಕ್ಯಾಬಿನೆಟ್ಟಿನ ಒಳಗೆ ಸ್ಕೇಲ್ ಇಟ್ಟು ಅಳೆದಿದ್ದೆ. ಅಳೆಯದೆ ತರಿಸಬೇಡಿ, ಬಾಗಿಲು ಮುಚ್ಚುವುದಿಲ್ಲ. ಮುಂದೆ 120 ಮಿಲಿಮೀಟರಿನ ಫ್ಯಾನು. ಕೆನೆ ಬಣ್ಣದ ಚೌಕಟ್ಟು, ಕಾಫಿ ಬಣ್ಣದ ರೆಕ್ಕೆ. ಗರಿಷ್ಠ ವೇಗ ನಿಮಿಷಕ್ಕೆ 1500 ಸುತ್ತು. ಆ ವೇಗದಲ್ಲಿ ಸದ್ದು 22.4 ಡೆಸಿಬೆಲ್ ಅಂತ ಕಂಪನಿ ಹೇಳುತ್ತದೆ.

ಡಬ್ಬ ನೋಡಿ ಅಮ್ಮ ಮುಖ ಗಂಟಿಕ್ಕಿದಳು. "ಏನೇ ಇದು, ಗೂಬೆ ಚಿತ್ರ ಇರೋದನ್ನ ಮನೆ ಒಳಗೆ ತಂದಿದೀಯಾ?"

ಲ್ಯಾಟಿನ್ ಭಾಷೆಯಲ್ಲಿ ನಾಕ್ಟುವಾ ಅಂದರೆ ಗೂಬೆ. ನಮ್ಮಲ್ಲಿ ಗೂಬೆ ಮನೆ ಮೇಲೆ ಕೂತರೆ ಅಪಶಕುನ ಅನ್ನುತ್ತಾರೆ. ಯಾರದೋ ತಪ್ಪನ್ನು ಇನ್ಯಾರದೋ ತಲೆಗೆ ಕಟ್ಟುವುದಕ್ಕೂ ಗೂಬೆ ಕೂರಿಸುವುದು ಅಂತಲೇ ಹೇಳುತ್ತೇವೆ. ನಾನು ಅಮ್ಮನಿಗೆ ಗೂಬೆಯ ರೆಕ್ಕೆಯ ಕಥೆ ಹೇಳಿದೆ. ಗೂಬೆ ಹಾರುವಾಗ ಸದ್ದೇ ಇರುವುದಿಲ್ಲ. ರೆಕ್ಕೆಯ ಮುಂದಿನ ಅಂಚಿನ ಗರಿ ಬಾಚಣಿಗೆಯ ಹಲ್ಲಿನ ಹಾಗೆ ಇರುತ್ತದೆ. ಬಂದ ಗಾಳಿಯನ್ನು ಅದು ಸಣ್ಣಸಣ್ಣದಾಗಿ ಸೀಳುತ್ತದೆ. ಹಿಂದಿನ ಅಂಚು ಸೀರೆಯ ಕುಚ್ಚಿನ ಹಾಗೆ ಬಿಡಿಬಿಡಿ. ಮೇಲ್ಮೈ ಮಖಮಲ್ಲಿನ ಹಾಗೆ ಮೆತ್ತಗೆ. ಒಟ್ಟಿಗೆ ಬಂದು ಬಡಿಯಬೇಕಾದ ಗಾಳಿ ಚೂರುಚೂರಾಗಿ ಜಾರಿಹೋಗುತ್ತದೆ. ಅಮ್ಮ ಗಮನವಿಟ್ಟು ಕೇಳಿದಳು. "ಲಕ್ಷ್ಮಿಗೂ ಗೂಬೆ ವಾಹನ ಅಂತಾರೆ ಬಂಗಾಳದ ಕಡೆ," ಅಂದು ಡಬ್ಬವನ್ನು ಒಳಗೆ ಬಿಟ್ಟುಕೊಂಡಳು.

ಈ ಗೋಪುರದ ಒಳಗಿನ ಕೆಲಸ ನನಗೆ ತುಂಬಾ ಇಷ್ಟ. ಕೆಳಗಿನ ತಾಮ್ರದ ಪಟ್ಟಿಯಿಂದ ಐದು ಹೀಟ್‌ಪೈಪುಗಳು ಬಾಗಿ ಮೇಲೆ ಹೋಗುತ್ತವೆ. ಹೊರಗಿನಿಂದ ನೋಡಿದರೆ ಗಟ್ಟಿ ಸರಳು ಅನ್ನಿಸುತ್ತದೆ. ಒಳಗೆ ಪೊಳ್ಳು. ಗಾಳಿ ತೆಗೆದು ಸ್ವಲ್ಪವೇ ದ್ರವ ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಮ್ಮಿ ಇರುವುದರಿಂದ ಅದು ಕಮ್ಮಿ ಬಿಸಿಗೇ ಆವಿಯಾಗುತ್ತದೆ. ಆವಿ ತಣ್ಣಗಿನ ತುದಿಗೆ ಓಡಿ ಮತ್ತೆ ಹನಿಯಾಗುತ್ತದೆ. ಕೊಳವೆಯ ಒಳಗೋಡೆಯ ಬತ್ತಿಯಂಥ ಪದರ ಆ ಹನಿಯನ್ನು ಹೀರಿ ಕೆಳಗೆ ತರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಗಡೆ ಹನಿ ಸಾಲುಗಟ್ಟಿ ನಿಂತಿರುತ್ತವಲ್ಲ, ಅದೇ ಕೆಲಸ. ವ್ಯತ್ಯಾಸ ಅಂದರೆ ಇಲ್ಲಿ ಅದು ಹಗಲೂ ರಾತ್ರಿ ನಿಲ್ಲದೆ, ಒಂದು ಚೂರೂ ಸದ್ದಿಲ್ಲದೆ ನಡೆಯುತ್ತದೆ.

"ಹೊಸದು ಬಂದ್ರೆ ಕೋಣೆ ಬಿಸಿ ಕಮ್ಮಿಯಾಗುತ್ತಾ?" ಅಮ್ಮ ಕೇಳಿದಳು. ಅವಳ ಚಿಂತೆ ಮೇಣದ್ದು. ವೀಣೆಯ 24 ಮೆಟ್ಟುಗಳೂ ಮೇಣದ ಮೇಲೆ ಕೂತಿರುತ್ತವೆ. ಮೇಣ ಮೆತ್ತಗಾದರೆ ಮೆಟ್ಟು ಜರುಗುತ್ತದೆ, ಸ್ವರಸ್ಥಾನವೇ ತಪ್ಪುತ್ತದೆ. ಇಲ್ಲ ಅಂತ ನಿಜ ಹೇಳಿದೆ. ಕೂಲರ್ ಶಾಖವನ್ನು ಕಮ್ಮಿ ಮಾಡುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. 65 ವಾಟು ಹುಟ್ಟಿದರೆ 65 ವಾಟೂ ಕೋಣೆಗೇ ಬರಬೇಕು. ಅದಕ್ಕೆ ಕ್ಯಾಬಿನೆಟ್ಟಿನ ಬೆನ್ನನ್ನು ಕಿಟಕಿಯ ಕಡೆ ತಿರುಗಿಸಿದೆವು. ವೀಣೆ ಎದುರು ಗೋಡೆಯ ಪಕ್ಕಕ್ಕೆ ಹೋಯಿತು.

ಕೂರಿಸುವಾಗ ಮೊದಲ ಸಲ ನಾನು ಕೆಡಿಸಿದೆ. ಪೇಸ್ಟ್ ಹಾಕಿ, ಗೋಪುರ ಇಟ್ಟು, ಒಂದು ಕಡೆಯ ಸ್ಕ್ರೂ ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದಕ್ಕೆ ಕೈ ಹಾಕಿದೆ. ಬಿಸಿ ನೋಡಿದರೆ ಹಳೆಯದಕ್ಕಿಂತ ಬರೀ ನಾಲ್ಕು ಡಿಗ್ರಿ ಕಮ್ಮಿ. ಎತ್ತಿ ನೋಡಿದೆ. ಪೇಸ್ಟ್ ಒಂದು ಅಂಚಿಗೆ ಒತ್ತಿಹೋಗಿತ್ತು, ಇನ್ನೊಂದು ಅಂಚು ಹೆಚ್ಚುಕಮ್ಮಿ ಒಣ. ಎರಡು ಲೋಹಗಳು ಎಷ್ಟೇ ನುಣುಪಾಗಿದ್ದರೂ ನಡುವೆ ಕಣ್ಣಿಗೆ ಕಾಣದ ಸಂದು ಇರುತ್ತವೆ. ಅಲ್ಲಿ ಗಾಳಿ ನಿಂತರೆ ಶಾಖ ದಾಟುವುದಿಲ್ಲ. ಆ ಗಾಳಿಯನ್ನು ಓಡಿಸುವುದೇ ಪೇಸ್ಟಿನ ಕೆಲಸ. ಎಲ್ಲ ಒರೆಸಿ ಮತ್ತೆ ಶುರು ಮಾಡಿದೆ. ಈ ಸಲ ಟಾರ್ಚ್ ಹಿಡಿದು ಅಮ್ಮ ಪಕ್ಕದಲ್ಲೇ ಕೂತಳು. "ಮೃದಂಗದವರು ತಟ್ಟೋದು ನೋಡಿಲ್ವಾ? ಇಲ್ಲಿ ಒಂದೇಟು, ಎದುರಿಗೆ ಒಂದೇಟು," ಅಂದಳು. ಹಾಗೇ ಮಾಡಿದೆ. ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು. ಸ್ಕ್ರೂ ತಾನಾಗಿ ನಿಂತಿತು.

ಪರೀಕ್ಷೆ ಮಾಡಿದ್ದು ಫೆಬ್ರವರಿ ರಾತ್ರಿಗಳಲ್ಲಿ, ಒಂದು ಗಂಟೆಯಿಂದ ನಾಲ್ಕು ಗಂಟೆಯ ಒಳಗೆ. ನಾಲ್ಕೂವರೆಗೆ ಹಾಲಿನ ಗಾಡಿ ಬರುತ್ತದೆ. ಐದಕ್ಕೆ ಪಕ್ಕದ ಮನೆಯವರ ಸಂಪಿನ ಮೋಟಾರ್. ಆಮೇಲೆ ಕೇಳುವುದೇ ಬೇಡ. ಅಮ್ಮ ಕೂರುವ ಚಾಪೆಯ ಮೇಲೆ, ವೀಣೆಯ ಬುರುಡೆ ಇರುವ ಎತ್ತರದಲ್ಲಿ ಪಾಠದ ಮೈಕನ್ನೇ ಇಟ್ಟೆ. ಅದರ ಗೇಯ್ನ್ (ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ) ಒಂದೇ ಕಡೆ ಇಟ್ಟು ಮತ್ತೆ ಮುಟ್ಟಲಿಲ್ಲ. ಫೋನಿನ ಡೆಸಿಬೆಲ್ ಆ್ಯಪುಗಳನ್ನು ಇಷ್ಟು ಸಣ್ಣ ಸದ್ದಿಗೆ ನಂಬಬಾರದು. ಫೋನಿನ ಮೈಕಿನದೇ ಸರಸರ ಸದ್ದು ಅದಕ್ಕಿಂತ ಜಾಸ್ತಿ ಇರುತ್ತದೆ. ನನಗೆ ಬೇಕಿದ್ದದ್ದು ನಿಜವಾದ ಡೆಸಿಬೆಲ್ ಎಷ್ಟು ಅಂತಲ್ಲ. ಮೊದಲಿಗಿಂತ ಎಷ್ಟು ಇಳಿಯಿತು ಅನ್ನುವುದು ಸಾಕಿತ್ತು.

ಬಿಸಿಯ ಲೆಕ್ಕಕ್ಕೂ ಒಂದು ಕ್ರಮ ಇದೆ. ಪ್ರೊಸೆಸರ್ ಎಷ್ಟು ಡಿಗ್ರಿ ಅಂತ ಮಾತ್ರ ಬರೆದಿಟ್ಟರೆ ಪ್ರಯೋಜನ ಇಲ್ಲ. ಕೋಣೆ ಎಷ್ಟಿತ್ತು ಅನ್ನುವುದನ್ನೂ ಬರೆದು, ಒಂದರಲ್ಲಿ ಇನ್ನೊಂದನ್ನು ಕಳೆಯಬೇಕು. ಅವತ್ತು ಕೋಣೆ 27 ಡಿಗ್ರಿ. ಅಮ್ಮನ ಪಾಠದ ಒಂದು ವಿಡಿಯೋವನ್ನು ರೆಂಡರ್‌ಗೆ, ಅಂದರೆ ಪ್ರೊಸೆಸರನ್ನು ಪೂರ್ತಿ ದುಡಿಸಿ ವಿಡಿಯೋ ಸಿದ್ಧಮಾಡುವ ಕೆಲಸಕ್ಕೆ ಹಾಕಿ ಅರ್ಧ ಗಂಟೆ ಬಿಟ್ಟೆ. ದೂಳು ತೆಗೆದ ಮೇಲೂ ಹಳೆಯ ಕೂಲರ್ 85ಕ್ಕೆ ನಿಂತಿತ್ತು, ಅದೂ ನಿಮಿಷಕ್ಕೆ 2400 ಸುತ್ತು ಓಡಿಕೊಂಡು. ಹೊಸದು 1500 ಸುತ್ತಿನಲ್ಲಿ 66. ವೇಗ 900ಕ್ಕೆ ಇಳಿಸಿದರೆ 69. ಅಲ್ಲಿಂದ 600ಕ್ಕೆ ಇಳಿಸಿದರೆ 74. ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ವೇಗ ಅರ್ಧಕ್ಕಿಂತ ಕೆಳಗೆ ಬಂತು, ಬಿಸಿ ಏರಿದ್ದು ಎಂಟೇ ಡಿಗ್ರಿ. ಆ ಮೇಲಿನ ವೇಗವೆಲ್ಲ ಬರೀ ಗದ್ದಲ ಅಂತ ಅವತ್ತು ನನಗೆ ಖಾತ್ರಿಯಾಯಿತು. ಫ್ಯಾನು ಪೂರ್ತಿ ನಿಲ್ಲಿಸಿಯೂ ನೋಡಿದೆ. ಹದಿನಾಲ್ಕನೇ ನಿಮಿಷಕ್ಕೆ 90 ದಾಟಿತು, ನಿಲ್ಲಿಸಿಬಿಟ್ಟೆ. ಏಪ್ರಿಲ್‌ನಲ್ಲಿ ಕೋಣೆ 33 ಇದ್ದ ಮಧ್ಯಾಹ್ನ ಮತ್ತೆ 600 ಸುತ್ತಿಗೆ ಇಟ್ಟು ನೋಡಿದೆ. 80. ಕೋಣೆ ಆರು ಏರಿತ್ತು, ಪ್ರೊಸೆಸರೂ ಆರು ಏರಿತು. ಅಮ್ಮನ ಪಾಠದ ಹೊತ್ತಿನಲ್ಲಂತೂ ಅಷ್ಟು ಕೆಲಸವೇ ಇರುವುದಿಲ್ಲ, 50ರ ಆಸುಪಾಸಿನಲ್ಲೇ ಇರುತ್ತದೆ.

ಸದ್ದಿನ ಕಡೆ ಬರೋಣ. ಕಂಪ್ಯೂಟರ್ ಪೂರ್ತಿ ಆರಿಸಿ ಬರೀ ಕೋಣೆಯನ್ನು ಐದು ನಿಮಿಷ ಮುದ್ರಿಸಿದೆ. ಮೈಕಿನ ಮಟ್ಟ ಮೈನಸ್ 65 ಡೆಸಿಬೆಲ್ ತೋರಿಸಿತು (ಮೈನಸ್ ಜಾಸ್ತಿ ಇದ್ದಷ್ಟೂ ಸದ್ದು ಕಮ್ಮಿ). ಹಳೆಯ ಕೂಲರ್ ಇದ್ದಾಗ ಅದು ಮೈನಸ್ 51. ಹೊಸದು 600 ಸುತ್ತಿನಲ್ಲಿ ಮೈನಸ್ 60. ನನಗೆ ಬೇಜಾರಾಯಿತು. ಇನ್ನೂ ಐದು ಎಲ್ಲಿಂದ ಬರುತ್ತಿದೆ?

ಕಣ್ಣು ಮುಚ್ಚಿ ಚಾಪೆಯ ಮೇಲೆ ಮಲಗಿದೆ. ಫ್ಯಾನು ಕೇಳಿಸುತ್ತಿರಲಿಲ್ಲ. ಅದರ ಹಿಂದೆ ಅಡಗಿದ್ದದ್ದು ಈಗ ಕೇಳಿಸುತ್ತಿತ್ತು. ಗಟ್ಟಿ ಗಂಟಲಿನವರು ಎದ್ದುಹೋದ ಮೇಲೆ ಜಗಲಿಯಲ್ಲಿ ಉಳಿದವರ ಪಿಸುಮಾತು ಕೇಳಿಸುತ್ತದಲ್ಲ, ಹಾಗೆ. ಮುದ್ರಿಸಿದ ಸದ್ದಿನಲ್ಲಿ ಯಾವ ಹರ್ಟ್ಸ್ ಎಷ್ಟಿದೆ ಅಂತ ತೋರಿಸುವ ಚಿತ್ರ ತೆಗೆದು ನೋಡಿದೆ. 120 ಹರ್ಟ್ಸ್‌ನಲ್ಲಿ ಒಂದು ಗೆರೆ, 100ರಲ್ಲಿ ಒಂದು ಗೆರೆ. 120 ನಮ್ಮ ಹಳೆಯ ಹಾರ್ಡ್ ಡಿಸ್ಕಿನದು. ಅದು ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಡಿಸ್ಕ್ ಚಿಕ್ಕದು, ಆದರೆ ಅದನ್ನು ಕ್ಯಾಬಿನೆಟ್ಟಿನ ತಗಡಿಗೆ ಸ್ಕ್ರೂ ಹಾಕಿ ಬಿಗಿದಿದ್ದರು. ತಗಡೆಲ್ಲ ಬುರುಡೆಯ ಹಾಗೆ ಮೊಳಗುತ್ತಿತ್ತು. ಬಿಚ್ಚಿ ದಪ್ಪ ಸ್ಪಂಜಿನ ಮೇಲೆ ಇಟ್ಟೆ, ಗೆರೆ ಮಾಯ. ಈಗ ಅದನ್ನು ವಾರಕ್ಕೊಮ್ಮೆ ಬ್ಯಾಕಪ್‌ಗೆ ಮಾತ್ರ ಜೋಡಿಸುತ್ತೇನೆ. 100 ಹರ್ಟ್ಸ್ ಗೆರೆ ಕಂಪ್ಯೂಟರಿನದೇ ಅಲ್ಲ, ಪ್ಯಾಸೇಜಿನ ಇನ್ವರ್ಟರಿನದು. ನಮ್ಮ ಕರೆಂಟು 50 ಹರ್ಟ್ಸ್, ಅದರ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುವುದು ಎರಡರಷ್ಟರಲ್ಲಿ. ಅದರ ಕಾಲಡಿಗೆ ರಬ್ಬರ್ ಮ್ಯಾಟ್ ಹಾಕಿ, ಬಾಗಿಲ ಸಂದಿಗೆ ಹಳೆಯ ಪಂಚೆ ಸುತ್ತಿ ಇಟ್ಟೆ. ಕ್ಯಾಬಿನೆಟ್ಟಿನ ಹಿಂದಿನ ಫ್ಯಾನನ್ನೂ 500ಕ್ಕೆ ಇಳಿಸಿದೆ. ಮೈನಸ್ 64. ಕಂಪ್ಯೂಟರ್ ಆರಿಸಿದ್ದಕ್ಕೂ ಇದಕ್ಕೂ ಇದ್ದದ್ದು ಒಂದೇ ಅಂಕಿ.

ಆದರೂ ಕೊನೆಯ ಮಾತು ಮೈಕಿನದಲ್ಲ. 22.4 ಅನ್ನುವ ಅಂಕಿಯನ್ನು ಅಳೆದದ್ದು ಹೊರಗಿನ ಸದ್ದು ನುಗ್ಗದ ಪ್ರಯೋಗಾಲಯದಲ್ಲಿ. ಅಮ್ಮ ಕೂರುವುದು ಸರಸ್ವತಿಪುರಂನ ಕೋಣೆಯಲ್ಲಿ. ಒಂದು ರಾತ್ರಿ ಊಟ ಆದಮೇಲೆ ಅವಳನ್ನು ಚಾಪೆಯ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿದೆ. ನಾನು ಹೇಳದೆ ಕೇಳದೆ ವೇಗ ಬದಲಿಸುತ್ತಾ ಹೋದೆ. ಕೇಳಿಸಿದಾಗ ಕೈ ಎತ್ತಬೇಕು. 1500ಕ್ಕೆ ಎತ್ತಿದಳು, 1200ಕ್ಕೆ ಎತ್ತಿದಳು, 900ಕ್ಕೂ ಎತ್ತಿದಳು. 750ಕ್ಕೆ ಸ್ವಲ್ಪ ಹೊತ್ತು ಬಿಟ್ಟು ಬೆರಳು ಮಾತ್ರ ಎತ್ತಿದಳು. 600ಕ್ಕೆ ಸುಮ್ಮನೆ ಕೂತಿದ್ದಳು. ವಯಸ್ಸು ಅರವತ್ತೊಂಬತ್ತು. ನನಗೆ 900ರಲ್ಲೇ ಏನೂ ಕೇಳಿಸುತ್ತಿರಲಿಲ್ಲ.

ಮತ್ತೆ ಏರಿಸುತ್ತಾ ಬಂದೆ. ಈಗ ಒಂದು ವಿಚಿತ್ರ ಆಯಿತು. 640ಕ್ಕೆ ಬೆರಳು ಅಲ್ಲಾಡಿತು. ಇನ್ನೂ ಏರಿಸಿದಾಗ ಬೆರಳು ಇಳಿಯಿತು. ಅಮ್ಮನ ಮುಖ ಸಡಿಲವಾಯಿತು. 700 ದಾಟಿದಾಗ ಬೆರಳು ಮತ್ತೆ ಎದ್ದಿತು. ನಾನು ಹಿಂದೆ ಬಂದು ಬೆರಳು ಇಳಿದ ಜಾಗ ಹುಡುಕಿದೆ. 660ರಿಂದ 670. ಎರಡು ಮೂರು ಸಲ ಮಾಡಿದರೂ ಅದೇ ಜಾಗ.

ಪೆನ್ಸಿಲ್ ತೆಗೆದುಕೊಂಡೆ. ಹೊಸ ಫ್ಯಾನಿಗೂ 7 ರೆಕ್ಕೆ. 667ನ್ನು ಏಳರಿಂದ ಗುಣಿಸಿ 60ರಿಂದ ಭಾಗಿಸಿದರೆ 77.8. ಅಮ್ಮನ ಷಡ್ಜ 155.6. ಸರಿಯಾಗಿ ಅರ್ಧ. ಮಂದ್ರ ಷಡ್ಜ, ಅಂದರೆ ಒಂದು ಸ್ಥಾಯಿ ಕೆಳಗಿನ ಅದೇ ಸ.

ಕಾಗದ ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಲೆಕ್ಕವನ್ನು ಎರಡು ಸಲ ನೋಡಿದಳು. ಆಮೇಲೆ ವೀಣೆ ತೊಡೆಗೆ ಎಳೆದುಕೊಂಡು ಮಂದ್ರದ ಸ ಮೀಟಿದಳು. ಕೋಣೆಯಲ್ಲಿ ಬೇರೆ ಸದ್ದು ಇರಲಿಲ್ಲ. ತಂತಿ ಇಳಿಯಿತು, ಇಳಿಯಿತು, ಎಳೆಯಾಯಿತು. ಅದು ಎಲ್ಲಿ ಮುಗಿಯಿತು ಅಂತ ನನಗೆ ಗೊತ್ತಾಗಲಿಲ್ಲ. ಅಮ್ಮನಿಗೆ ಗೊತ್ತಾಗಿರಬೇಕು, ಒಂದಷ್ಟು ಹೊತ್ತಿನ ನಂತರ ತಲೆ ಆಡಿಸಿದಳು.

ಆ ರಾತ್ರಿಯೇ ಬಯೋಸ್‌ನಲ್ಲಿ ಫ್ಯಾನನ್ನು 667ರ ಹತ್ತಿರ ನಿಲ್ಲಿಸಿದೆ. ಶೇಕಡಾ ಲೆಕ್ಕದಲ್ಲಿ ಕೊಡಬೇಕಾದ್ದರಿಂದ ನಾಲ್ಕೈದು ಸುತ್ತು ಆಚೀಚೆ ಆಗುತ್ತದೆ. 75 ಡಿಗ್ರಿ ತನಕ ಅದು ಅಲ್ಲಾಡುವುದಿಲ್ಲ. ಆ ಮೇಲೆ ಹೋದರೆ ನಿಧಾನವಾಗಿ ಏರುತ್ತದೆ. ನನ್ನ ರೆಂಡರ್ ಕೆಲಸವನ್ನೆಲ್ಲ ಪಾಠ ಇಲ್ಲದ ಹೊತ್ತಿಗೆ ಇಟ್ಟುಕೊಂಡಿದ್ದೇನೆ. ಅಮೆರಿಕದ ಹುಡುಗಿ ಈಗ ವರ್ಣಕ್ಕೆ ಬಂದಿದ್ದಾಳೆ. ಹಿಂದಿನ ಸದ್ದಿನ ಬಗ್ಗೆ ಮತ್ತೆ ಕೇಳಿಲ್ಲ.

ಕಳೆದ ಗುರುವಾರ ಅಮ್ಮ ಸಂಜೆ ದೀಪ ಹಚ್ಚಿ ಬಂದು ಹೇಳಿದಳು: "ನಾಳೆಯಿಂದ ಒಬ್ಬಳು ಹಾಡೋ ಹುಡುಗಿ ಬರ್ತಾಳೆ. ಅವಳ ಕಂಠಕ್ಕೆ ಮೂರು ಮನೆ ಇಡಬೇಕು. ನಿನ್ನ ಫ್ಯಾನಿಗೂ ಹೇಳಿಬಿಡು."

ಲೆಕ್ಕ ಹಾಕಿದೆ. ಒಂದು ಚೀಟಿಯಲ್ಲಿ ಎರಡೂವರೆ ಮನೆಗೆ 667, ಮೂರು ಮನೆಗೆ 706 ಅಂತ ಬರೆದು ಕ್ಯಾಬಿನೆಟ್ಟಿನ ಪಕ್ಕಕ್ಕೆ ಅಂಟಿಸಿದ್ದೇನೆ.